ಬಾಯಲ್ಲಿ ಕಲ್ಲು, ಬೀದಿ ತುಂಬ ಪಾನಕ

ನಿನ್ನೆ ಬೆಳಗ್ಗೆ ನಾನು ಒಂದು ಕಲ್ಲನ್ನು ಬಾಯಿಗೆ ಹಾಕಿಕೊಂಡೆ. ಹೀಗೆಂದರೆ ನೀವು ಮನಸ್ಸಿನಲ್ಲೇ ನನ್ನ ವಯಸ್ಸನ್ನು ಕೂಡಿಸಿ ಕಳೆದು, "ಪಾಪ, ಶುರುವಾಯಿತು" ಅಂದುಕೊಳ್ಳುತ್ತೀರಿ. ನನ್ನ ಹೆಂಡತಿಯೂ ಹಾಗೇ ಅಂದುಕೊಂಡಳು. ನಡೆದದ್ದಿಷ್ಟೇ: ಅಂಗಿಯ ಗುಂಡಿಯೊಂದು ಉದುರಿತ್ತು. ಗುಂಡಿ, ಸೂಜಿ, ಬೀಗ ಕಳೆದುಕೊಂಡ ಬೀಗದ ಕೈಗಳು ಎಲ್ಲ ಒಟ್ಟಿಗೆ ಸಂಸಾರ ಮಾಡುವ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಗುಂಡಿ ಸಿಗಲಿಲ್ಲ. ಬಿಳಿಯ ಬೆಣಚುಕಲ್ಲೊಂದು ಉರುಳಿ ಬಂತು. ಕೈ ತಾನಾಗಿಯೇ ಅದನ್ನು ಎತ್ತಿ, ಪಂಚೆಗೆ ಒರೆಸಿ, ನಾಲಿಗೆಯ ಕೆಳಗೆ ಇಟ್ಟುಬಿಟ್ಟಿತು.

"ತಿಂಡಿ ಹತ್ತು ನಿಮಿಷ ತಡ ಆಯ್ತು ಅಂತ ಕಲ್ಲು ತಿಂತಾ ಕೂತಿದ್ದೀರಲ್ಲ, ನೋಡಿದೋರು ನನ್ನನ್ನ ಏನಂತಾರೆ?" ಎಂದಳು ಹೆಂಡತಿ.

ಉತ್ತರ ಕೊಡೋಣವೆಂದರೆ ಬಾಯಲ್ಲಿ ಕಲ್ಲು. ಉಗುಳಿ ಹೇಳೋಣವೆನ್ನುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಅವಳಿಗೆ ಹೇಳಬೇಕಾದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ. ಆ ಕಲ್ಲನ್ನು ಬಾಯಲ್ಲಿಟ್ಟುಕೊಂಡು ನಾನು ಒಂದು ಕಾಲದಲ್ಲಿ ಓಡುತ್ತಿದ್ದೆ. ಹೌದು, ನಾನೇ. ಈಗ ಬಸ್ಸು ಹೊರಟರೂ ನಡೆದೇ ಹೋಗಿ ತಪ್ಪಿಸಿಕೊಳ್ಳುವ ಇದೇ ಮನುಷ್ಯ.

ಅದು ಮಹಾರಾಜರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಪಾಲಿಗೆ ಯುದ್ಧವೆಂದರೆ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುವ ಬಸ್ಸು. ಮಧುಗಿರಿಯ ಪೇಟೆಯಲ್ಲಿ ನಮ್ಮಪ್ಪನ ಬೆಲ್ಲದ ಅಂಗಡಿ, ಅದರ ಹಿಂದೆಯೇ ಮನೆ. ಮನೆಯ ಹಿತ್ತಲಲ್ಲಿ ನಿಂತು ತಲೆಯೆತ್ತಿದರೆ ಬೆಟ್ಟ. ಆ ಬೆಟ್ಟದ ಮೈಮೇಲೆ ಮಣ್ಣಿಲ್ಲ, ಮರವಿಲ್ಲ, ಎಲ್ಲ ಬರೀ ಬಂಡೆ. ಚೈತ್ರ ಬಂತೆಂದರೆ ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಅದನ್ನು ಊರಿನ ಮೇಲೆ ಉಸಿರಾಗಿ ಬಿಡುತ್ತಿತ್ತು. ಸೂರ್ಯ ಮುಳುಗಿದ ಮೇಲೂ ನಮ್ಮವ್ವ, "ಬೆಟ್ಟ ಇನ್ನಾ ತಣ್ಣಗಾಗಿಲ್ಲ ಕಣೋ, ಒಳಕ್ಕೆ ಬಾ" ಅಂತ ಕೂಗುತ್ತಿದ್ದಳು.

ಅವ್ವನ ಮಟ್ಟಿಗೆ ಲೋಕದಲ್ಲಿ ಎರಡೇ ಜಾತಿ: ಉಷ್ಣ ಮತ್ತು ತಂಪು. ಮಾವಿನಹಣ್ಣು ಉಷ್ಣ, ಬಾಳೆಹಣ್ಣು ತಂಪು. ಹುರುಳಿ ಉಷ್ಣ, ಹೆಸರುಕಾಳು ತಂಪು. ಇದು ಆಹಾರಕ್ಕೇ ನಿಲ್ಲುತ್ತಿರಲಿಲ್ಲ. ಓದುವುದು ಉಷ್ಣ, ಅದರಲ್ಲೂ ಲೆಕ್ಕ ಮಹಾ ಉಷ್ಣ. ಅವಳ ಮೈದುನನಂತೂ ಬಾಗಿಲಿಗೆ ಬಂದರೇ ಮನೆಯೆಲ್ಲ ಉಷ್ಣ. ಈ ಎಲ್ಲ ಉಷ್ಣಕ್ಕೂ ಅವಳ ಹತ್ತಿರ ಇದ್ದ ಮದ್ದು ಒಂದೇ, ಹರಳೆಣ್ಣೆ. ನೆತ್ತಿಗೆ ತಟ್ಟುವಳು, ಹೊಕ್ಕುಳಿಗೆ ಬಿಡುವಳು, ಕಾಲಿನ ಹೆಬ್ಬೆರಳಿಗೆ ಸವರುವಳು. ಬೇಸಿಗೆಯಲ್ಲಿ ನಾನು ಸ್ಕೂಲಿನ ಬೆಂಚಿನಲ್ಲಿ ಕೂತು ಎದ್ದರೆ, ಬೆನ್ನು ಒರಗಿಸಿದ ಗೋಡೆಯ ಮೇಲೆ ನನ್ನ ತಲೆಯ ಗುರುತು ಇರುತ್ತಿತ್ತು.

ಅವ್ವನಿಗೆ ಒಬ್ಬಳೇ ಮಗಳು, ನನ್ನಕ್ಕ ಗೌರಿ. ಅವಳನ್ನು ಕೊಟ್ಟಿದ್ದು ಬಹಳ ದೂರಕ್ಕೆ: ಎರಡು ಮನೆ ಆಚೆಗೆ. ನಮ್ಮ ಸ್ಕೂಲಿಗೆ ತುಮಕೂರಿನ ಕಡೆಯಿಂದ ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು ರುದ್ರಯ್ಯನವರು ಆ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ನಮ್ಮವರೇ, ವಿಭೂತಿ ಹಚ್ಚುವವರು, ಎತ್ತರದ ಆಳು, ಸರ್ಕಾರಿ ಸಂಬಳ. ಅವ್ವ ಜಾತಕಕ್ಕಿಂತ ಮೊದಲು ಬಾಗಿಲಿಂದ ಬಾಗಿಲಿಗೆ ಹೆಜ್ಜೆ ಎಣಿಸಿದಳು. "ಇಲ್ಲಿ ಸಾರಿಗೆ ಒಗ್ಗರಣೆ ಹಾಕಿದ್ರೆ ಅಲ್ಲಿ ಮಗಳಿಗೆ ಸೀನು ಬರ್ತೈತೆ, ಇದಕ್ಕಿಂತ ಇನ್ನೇನ್ ಬೇಕು?" ಎಂದು ಮದುವೆ ಮಾಡಿಸಿದಳು. ಮೇಷ್ಟ್ರುಗಳಿಗೆ ವರ್ಗ ಎಂಬುದೊಂದು ಇರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಗೊತ್ತಾದದ್ದು ಹೇಗೆಂದರೆ, ನಮ್ಮ ಕಡೆಯ ನಾಲ್ಕು ತಾಲ್ಲೂಕಿನ ಹುಡುಗರಿಗೆ ವರ್ಷಕ್ಕೊಂದು ಓಟದ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಕೊಡುವ ಬೆಳ್ಳಿಯ ಕಪ್ಪು ಎರಡು ವರ್ಷದಿಂದ ಶಿರಾಕ್ಕೇ ಹೋಗಿತ್ತು. ಹೆಡ್‌ಮಾಸ್ಟರು ಭಾವನನ್ನು ಕರೆದು, "ಈ ಸಲವೂ ಶಿರಾದವರು ಹೊತ್ತುಕೊಂಡು ಹೋದರೆ, ಪಾವಗಡದಲ್ಲಿ ಒಂದು ಡ್ರಿಲ್ ಮೇಷ್ಟ್ರ ಜಾಗ ಖಾಲಿ ಇದೆ, ನಿಮ್ಮ ಹೆಸರು ಬರೆದು ಕಳಿಸುತ್ತೇನೆ" ಎಂದರಂತೆ. ಭಾವ ಇದನ್ನು ಅಕ್ಕನಿಗೆ ಹೇಳಿದರು. ಅಕ್ಕ ಅವ್ವನಿಗೆ ಹೇಳಿದಳು. ಅವ್ವ ಕೂತಲ್ಲೇ ಅಳುವುದಕ್ಕೆ ಶುರುಮಾಡಿದಳು.

"ಪಾವಗಡಾನಾ? ಶಿವನೇ! ಅಲ್ಲಿ ಕುಡಿಯೋಕೆ ನೀರಿಲ್ಲ, ನಿಲ್ಲೋಕೆ ನೆರಳಿಲ್ಲ. ನನ್ ಮಗಳು ಒಣಗಿ ಹಪ್ಪಳ ಆಗೋಯ್ತಾಳೆ! ಲೇ ರಾಜ, ನೀನು ಓಡ್ಬೇಕು ಕಣ್ಲಾ. ಅಕ್ಕನ್ನ ಉಳಿಸ್ಕೊ."

ಹೀಗೆ ಹದಿನೇಳನೇ ವಯಸ್ಸಿನಲ್ಲಿ ನಮ್ಮಕ್ಕನ ಸಂಸಾರ ನನ್ನ ಕಾಲಿನ ಮೇಲೆ ಬಂದು ನಿಂತಿತು. ಕಾಲು ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ಅಪ್ಪನ ಅಂಗಡಿಯಿಂದ ಬೆಲ್ಲ ಕದ್ದು ಓಡಿ ಓಡಿ ಅಭ್ಯಾಸವಾಗಿತ್ತು. ತೊಂದರೆ ಇದ್ದದ್ದು ಭಾವನ ಸಿದ್ಧಾಂತದಲ್ಲಿ.

ಭಾವ ಬೆಂಗಳೂರಿನಲ್ಲಿ ಮೂರು ತಿಂಗಳು ತರಬೇತಿ ಮುಗಿಸಿ ಬಂದವರು. ಅಲ್ಲಿ ಯಾರು ತಲೆಗೆ ತುಂಬಿದರೋ, ಓಡುವವನು ನೀರು ಮುಟ್ಟಬಾರದು ಎಂಬುದು ಅವರ ಪಾಲಿನ ವೇದವಾಗಿತ್ತು. "ಓಡುವ ಹೊಟ್ಟೆಗೆ ನೀರು ಬಿದ್ದರೆ ಕರುಳು ಹುರಿಯಾಗುತ್ತದೆ. ಬೆವರು ಬಂದಷ್ಟೂ ಮೈ ಹಗುರ. ಒಣಗಿದ ಎಲೆ ಹಾರುತ್ತೆ, ಹಸಿ ಎಲೆ ಹಾರುತ್ತೇನೋ?" ಎನ್ನುತ್ತಿದ್ದರು. ಎಲೆಗೆ ಕಾಲಿಲ್ಲವಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಮೇಷ್ಟ್ರು, ಮೇಲೆ ಭಾವ. ಎದುರು ಮಾತಾಡಲು ಎರಡು ಕಡೆಯಿಂದಲೂ ದಾರಿಯಿರಲಿಲ್ಲ. ಬಾಯಾರಿದರೆ ಚೀಪಲು ಬೆಟ್ಟದ ಬುಡದಿಂದ ಈ ಬೆಣಚುಕಲ್ಲನ್ನು ಆರಿಸಿ ಕೊಟ್ಟರು. ಅದನ್ನು ನಾಲಿಗೆಯಡಿ ಇಟ್ಟರೆ ಎಂಜಲು ಊರುತ್ತದೆ, ಅದೇ ನಿನ್ನ ಕೆರೆ, ಅದೇ ನಿನ್ನ ಬಾವಿ ಎಂದರು.

ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಬರಿಗಾಲಲ್ಲಿ ಬೆಟ್ಟದ ಬುಡ ಸುತ್ತಬೇಕು. ಬಂಡೆ ರೊಟ್ಟಿ ಹೆಂಚಿನಂತೆ ಕಾದಿರುತ್ತಿತ್ತು. ಊರವರು ನನ್ನ ವೇಗ ನೋಡಿ ಬೆರಗಾಗುತ್ತಿದ್ದರು. ಅಷ್ಟು ಬೇಗ ಕಾಲೆತ್ತದಿದ್ದರೆ ಅಂಗಾಲು ಅಲ್ಲೇ ಅಂಟಿಕೊಳ್ಳುತ್ತದೆ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಓಟ ಮುಗಿದ ಮೇಲೆ ಬಾಯಿ ಮುಕ್ಕಳಿಸಲು ಅನುಮತಿಯಿತ್ತು, ನುಂಗಲು ಇರಲಿಲ್ಲ. ಭಾವ ಎದುರಿಗೇ ಕುಕ್ಕರಗಾಲಲ್ಲಿ ಕೂತು ನನ್ನ ಗಂಟಲನ್ನೇ ನೋಡುವರು. ಗಂಟಲಿನ ಗಂಟು ಒಂದು ಸಲ ಮೇಲೆ ಕೆಳಗೆ ಆಡಿದರೂ ಸಾಕು, "ನುಂಗಿದೆ! ಇನ್ನೊಂದು ಸುತ್ತು!" ಎನ್ನುವರು.

ಅಕ್ಕನಿಗೆ ಇದು ಸರಿಬರಲಿಲ್ಲ. ಗಂಡನ ಮುಂದೆ ತಲೆಬಗ್ಗಿಸಿ ಹೂಂ ಅನ್ನುವಳು, ಹಿಂದಿನಿಂದ ತನಗೆ ತೋಚಿದ್ದು ಮಾಡುವಳು. ಬೆಟ್ಟದ ಹಿಂಬದಿಯ ತಿರುವಿನಲ್ಲಿ, ಭಾವನ ಕಣ್ಣು ತಲುಪದ ಕಡೆ, ಕತ್ತಾಳೆಯ ಬೇಲಿ ಸಂದಿನಲ್ಲಿ ಒಂದು ಚೊಂಬು ನೀರುಮಜ್ಜಿಗೆ ಇಟ್ಟು ಮೇಲೆ ಮುತ್ತುಗದ ಎಲೆ ಮುಚ್ಚಿರುತ್ತಿದ್ದಳು. ಉಪ್ಪು, ಇಂಗು, ಕರಿಬೇವು. ಸ್ವರ್ಗದಲ್ಲಿ ಕೊಡುವುದು ಅಮೃತ ಅಂತಾರಲ್ಲ, ಅದಕ್ಕೆ ಇಂಗು ಹಾಕಿರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಕದಿದ್ದರೆ ಅವರು ನಮ್ಮಕ್ಕನನ್ನು ಕೇಳಬೇಕು. ಮೊದಲ ಸುತ್ತಿಗಿಂತ ಎರಡನೇ ಸುತ್ತು ನಾನು ಬೇಗ ಮುಗಿಸುತ್ತಿದ್ದೆ. ಭಾವ ಗಡಿಯಾರ ನೋಡಿ, "ನೋಡಿದೆಯಾ? ಒಣಗಿದಷ್ಟೂ ವೇಗ!" ಎಂದು ತೊಡೆ ತಟ್ಟುವರು. ನಾನು ಬಾಯಿ ತೆರೆಯುತ್ತಿರಲಿಲ್ಲ. ತೆರೆದರೆ ಇಂಗಿನ ವಾಸನೆ.

ಪಂದ್ಯಕ್ಕೆ ದಿನ ಗೊತ್ತುಮಾಡಿದರಲ್ಲ, ಅದೊಂದು ತಮಾಷೆ. ಕಚೇರಿಗಳಿಗೆ ರಜೆ ಇರಬೇಕು, ಅಮಲ್ದಾರರಾದಿಯಾಗಿ ಎಲ್ಲರೂ ಬಂದು ಕೂರಬೇಕು ಎಂದು ಲೆಕ್ಕ ಹಾಕಿ ರಾಮನವಮಿಯ ದಿನವನ್ನೇ ಇಟ್ಟರು. ರಾಮನವಮಿಯ ದಿನ ನಮ್ಮ ಸೀಮೆಯ ರಸ್ತೆಗಳಲ್ಲಿ ಏನು ನಡೆಯುತ್ತದೆ ಎಂಬುದು ಆ ದಿನ ಇಟ್ಟವರಿಗೆ ಯಾಕೆ ಹೊಳೆಯಲಿಲ್ಲವೋ ಆ ರಾಮನೇ ಬಲ್ಲ. ಪ್ರತಿ ಹಳ್ಳಿಯ ಬಾಗಿಲಲ್ಲೂ ಚಪ್ಪರ, ಚಪ್ಪರದಲ್ಲಿ ಹಂಡೆ, ಹಂಡೆಯಲ್ಲಿ ಪಾನಕ, ಪಕ್ಕದಲ್ಲಿ ಮಜ್ಜಿಗೆ, ಕೋಸಂಬರಿ. ದಾರಿಹೋಕರನ್ನು ಅಡ್ಡಗಟ್ಟಿ ಕುಡಿಸುತ್ತಾರೆ. ಬೇಡವೆಂದರೆ ಕೊಡುವವರಿಗೆ ಪುಣ್ಯ ತಪ್ಪುತ್ತದೆ. ಆದ್ದರಿಂದ ಅವರು ಬೇಡವೆನ್ನಲು ಬಿಡುವುದೇ ಇಲ್ಲ. ಕೊರಟಗೆರೆ ರಸ್ತೆಯ ಆರನೇ ಮೈಲಿಗಲ್ಲಿನಿಂದ ಮಧುಗಿರಿಯವರೆಗೆ ನೀರು ಮುಟ್ಟದೆ ಓಡಿಸಲು ನಮ್ಮ ಭಾವನಿಗೆ ಸಿಕ್ಕಿದ ದಾರಿ ಅದು, ಸಿಕ್ಕಿದ ದಿನ ಅದು.

ಬೆಳಗ್ಗೆ ಎಂಟಕ್ಕೆ ಶುರುವಾಗಬೇಕಿತ್ತು. ಅಮಲ್ದಾರರ ಮನೆಯ ಪೂಜೆ ಮುಗಿದು ಅವರು ಶಾಮಿಯಾನದಲ್ಲಿ ಕೂತರು ಎಂಬ ಸುದ್ದಿಯನ್ನು ಜವಾನ ಸೈಕಲ್ಲಿನಲ್ಲಿ ಮೈಲಿಗಲ್ಲಿಗೆ ತಂದಾಗ ಹನ್ನೊಂದೂವರೆ. ಅಷ್ಟು ಹೊತ್ತು ನಾವು ಬಿಸಿಲಲ್ಲಿ ಸಾಲಾಗಿ ನಿಂತಿದ್ದೆವು. ನನ್ನ ಪಕ್ಕದಲ್ಲಿ ಶಿರಾದ ಖಾದರ್, ಎರಡು ಸಲ ಕಪ್ಪು ಗೆದ್ದವನು, ಜಿಂಕೆಯಂಥ ಕಾಲು. ಅವನ ದವಡೆಯೂ ಆಡುತ್ತಿತ್ತು.

"ನಿಂದೇನು?" ಎಂದು ಕೇಳಿದೆ.

"ಹುಣಸೆ ಬೀಜ. ನಮ್ಮ ಉಸ್ತಾದ್ ಕೊಟ್ರು. ನಿಂದು?"

"ಕಲ್ಲು."

"ಯಾ ಅಲ್ಲಾ" ಎಂದು ಅವನು ನನ್ನನ್ನು ಮರುಕದಿಂದ ನೋಡಿದ. ಆಚೆಗೆ ಕೊರಟಗೆರೆಯ ಹನುಮಂತ, ದುಂಡು ಮೈ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದ. ಅವನ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರೇ ಇರಲಿಲ್ಲವಾದ್ದರಿಂದ ಅವನಿಗೆ ಯಾವ ಸಿದ್ಧಾಂತವೂ ಇರಲಿಲ್ಲ. ಪಾವಗಡದ ಹುಡುಗರನ್ನು ತರಬೇಕಾಗಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು.

ಪೀಪಿ ಊದಿದ್ದೇ ಓಡಿದೆವು. ಭಾವ ಹಿಂದೆಯೇ ಸೈಕಲ್ಲಿನಲ್ಲಿ ಹೊರಟರು. ಅಮಲ್ದಾರರು ಬರುತ್ತಾರೆಂದು ಖಾಕಿ ಕೋಟು, ಕತ್ತಿನವರೆಗೆ ಗುಂಡಿ, ಮೊಣಕಾಲಿನವರೆಗೆ ಸುತ್ತಿದ ಉಣ್ಣೆಯ ಪಟ್ಟಿ, ತಲೆಗೆ ಭಾರದ ಟೋಪಿ. ಶಿಷ್ಯನಿಗೆ ಇಲ್ಲದ್ದು ಗುರುವಿಗೂ ಬೇಡ ಎಂದು ಬೆಳಗಿನಿಂದ ಅವರೂ ತೊಟ್ಟು ನೀರು ಮುಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕ ಮನುಷ್ಯ, ಅದನ್ನು ಒಪ್ಪಬೇಕು.

ಒಂದು ಮೈಲಿ ಕಳೆಯುವಷ್ಟರಲ್ಲಿ ನನಗೆ ಕಣ್ಣು ಕಾಣಿಸದಾಯಿತು. ಬೆಳಗ್ಗೆ ಅವ್ವ ಒಂದು ಬಟ್ಟಲು ಹರಳೆಣ್ಣೆಯನ್ನು ನೆತ್ತಿಗೆ ಬಡಿದು ಕಳಿಸಿದ್ದಳು. ಬಿಸಿಲಿಗೆ ಅದು ತೆಳ್ಳಗಾಗಿ ಹಣೆಯಿಂದ ಇಳಿದು ಎರಡು ಕಣ್ಣಿಗೂ ತುಂಬಿಕೊಂಡಿತ್ತು. ಖಾದರನ ಕಾಲಿನ ಸದ್ದು ಹಿಡಿದು ಓಡುತ್ತಿದ್ದೆ. ಅಷ್ಟರಲ್ಲಿ ಮೊದಲನೇ ಚಪ್ಪರ ಬಂತು.

"ಬಾರಪ್ಪಾ, ಒಂದ್ಲೋಟ ಕುಡ್ಕಂಡ್ ಹೋಗು!"

"ಕೊಡಬೇಡಿ! ಓಡೋರಿಗೆ ಕೊಡಬೇಡಿ!" ಎಂದು ಭಾವ ಗಂಟೆ ಬಾರಿಸುತ್ತಾ ಸೈಕಲ್ಲನ್ನು ನಮಗೂ ಚಪ್ಪರಕ್ಕೂ ನಡುವೆ ತಂದರು. ಎರಡನೇ ಹಳ್ಳಿಯಲ್ಲೂ ಇದೇ ಆಟ. ಮೂರನೆಯದರಲ್ಲಿ ಒಬ್ಬ ಮುದುಕಿ ಸೌಟು ಹಿಡಿದು ರಸ್ತೆಗೇ ಇಳಿದಳು.

"ಯಾವ ಸೀಮೆ ಮೇಷ್ಟ್ರಯ್ಯ ನೀನು? ರಾಮದೇವ್ರ ಪಾನ್ಕ ಬ್ಯಾಡ ಅಂತೀಯಾ? ಮಕ್ಳ ನಾಲ್ಗೆ ಹೊರಕ್ಕೆ ಬಿದ್ದೈತೆ, ನೋಡಾಕಿಲ್ವಾ?" ಎಂದವಳೇ, ಕುಡಿಸಲಾಗದಿದ್ದರೆ ಎರಚಿಯಾದರೂ ಪುಣ್ಯ ಕಟ್ಟಿಕೊಳ್ಳೋಣವೆಂದು ತುಂಬಿದ ಸೌಟನ್ನು ನನ್ನ ಎದೆಗೆ ಬೀಸಿದಳು. ಆಹಾ, ಅದರ ತಂಪನ್ನು ಏನು ಹೇಳಲಿ! ತುಟಿಗೆ ಸಿಡಿದ ನಾಲ್ಕು ಹನಿಯನ್ನು ನೆಕ್ಕಿದೆ. ಭಾವ ಹಿಂದಿನಿಂದ, "ಗಂಟಲು ಆಡಿತು!" ಎಂದು ಕಿರುಚಿದರು. ಅಲ್ಲಿಂದ ಮುಂದಕ್ಕೆ ಬೆಲ್ಲದ ವಾಸನೆ ಹಿಡಿದು ಊರಿನ ನೊಣಗಳೆಲ್ಲ ನನ್ನ ಜೊತೆ ಪಂದ್ಯಕ್ಕೆ ಸೇರಿಕೊಂಡವು.

ನೊಣಗಳ ಕಾಟಕ್ಕೇ ಇರಬೇಕು, ನಾಲ್ಕನೇ ಮೈಲಿ ದಾಟುವಾಗ ನಾನು ಖಾದರನಿಗಿಂತ ಹತ್ತು ಮಾರು ಮುಂದಿದ್ದೆ. ನಿಜವಾಗಿಯೂ ಮುಂದಿದ್ದೆ! ದೂರದಲ್ಲಿ ನಮ್ಮ ಬೆಟ್ಟ ಕಾಣುತ್ತಿತ್ತು. ಅಕ್ಕ ಎರಡು ಮನೆ ಆಚೆ ಉಳಿಯುತ್ತಾಳೆ, ಅವ್ವ ಅಳುವುದಿಲ್ಲ, ಕತ್ತಾಳೆ ಬೇಲಿಯ ಮಜ್ಜಿಗೆ ನನಗೆ ಇದ್ದೇ ಇರುತ್ತದೆ ಎಂದು ಹಿಗ್ಗಿಹೋಗಿದ್ದೆ. ಆಗ ಹಿಂದೆ ಸೈಕಲ್ಲಿನ ಗಂಟೆ ನಿಂತಿತು. ಧಡ್ ಎಂದು ಸದ್ದಾಯಿತು.

ತಿರುಗಿ ನೋಡಿದೆ. ಸೈಕಲ್ಲು ಮಗುಚಿತ್ತು, ಚಕ್ರ ಇನ್ನೂ ತಿರುಗುತ್ತಿತ್ತು. ಭಾವ ರಸ್ತೆಯ ಪಕ್ಕದಲ್ಲಿ ಅಂಗಾತ ಬಿದ್ದಿದ್ದರು. ಮುಖ ಕೆಂಪಗೆ ಕಾದಿತ್ತು.

ನಿಂತರೆ ಪಾವಗಡ. ನಿಲ್ಲದೆ ಓಡಿದರೆ ಕಪ್ಪು. ಅಕ್ಕನಿಗೆ ವರ್ಗ ತಪ್ಪಿಸಿದೆ ಕಣೇ, ಆದರೆ ಗಂಡನನ್ನು ನಾಲ್ಕನೇ ಮೈಲಿಯಲ್ಲಿ ಬಿಟ್ಟುಬಂದೆ ಎಂದು ಹೇಳುವುದು ಹೇಗೆ? ಅಳು ಬಂತು. ಹರಳೆಣ್ಣೆಯ ಜೊತೆ ಕಣ್ಣೀರೂ ಸೇರಿಕೊಂಡಿತು. "ಸಾರ್! ಭಾವಾ!" ಎಂದು ಎರಡೂ ಹೆಸರು ಕೂಗುತ್ತಾ ವಾಪಸು ಓಡಿದೆ.

ಖಾದರ್ ಆಗಲೇ ಅವರ ಪಕ್ಕದಲ್ಲಿ ಮಂಡಿಯೂರಿದ್ದ. ಅವನು ಓಡಿಹೋಗಬಹುದಿತ್ತು, ಮೂರನೇ ಕಪ್ಪು ಅವನದಾಗುತ್ತಿತ್ತು. ಅವನು ಹುಣಸೆ ಬೀಜ ಉಗಿದು, "ಮೇಷ್ಟ್ರಿಗೆ ಬಿಸ್ಲು ಬಡಿದ್ಬುಟ್ಟೈತೆ. ಹಿಡ್ಕೋ ಕಾಲು, ಜಲ್ದಿ!" ಎಂದ. ಇಬ್ಬರೂ ಎತ್ತಿ ಹೊಂಗೆ ಮರದ ನೆರಳಿಗೆ ತಂದೆವು. ಕೋಟಿನ ಗುಂಡಿ ಬಿಚ್ಚಿದೆವು. ಕಾಲಿನ ಪಟ್ಟಿ ಬಿಚ್ಚತೊಡಗಿದೆವು, ಅದು ಮುಗಿಯಲೇ ಇಲ್ಲ, ಬಿಚ್ಚಿದಷ್ಟೂ ಬರುತ್ತಿತ್ತು. "ಎಷ್ಟು ಗಜ ಇದು? ನಮ್ಮ ಚಾಚಾ ಅಂಗಡೀಲೂ ಇಷ್ಟು ಬಟ್ಟೆ ಇಲ್ಲ" ಎಂದ ಖಾದರ್. ಆದರೆ ನೀರೇ ಇರಲಿಲ್ಲ. ಅಷ್ಟು ಹೊತ್ತು ಬೇಡ ಬೇಡವೆಂದರೂ ಅಟ್ಟಿಸಿಕೊಂಡು ಬಂದ ನೀರು, ಬೇಕಾದಾಗ ಅರ್ಧ ಮೈಲಿ ಹಿಂದೆ ಉಳಿದಿತ್ತು.

ಆಗ ರಸ್ತೆಯಲ್ಲಿ ಕೊರಟಗೆರೆಯ ಹನುಮಂತ ಕಾಣಿಸಿಕೊಂಡ. ಆರಾಮವಾಗಿ ಓಡಿ ಬರುತ್ತಿದ್ದ. ಒದ್ದೆ ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಕುಳಲ್ಲಿ ಒಂದು ಗಡಿಗೆ.

"ಏನ್ಲಾ ಅದು?" ಎಂದೆ.

"ಮಜ್ಗೆ ಕಣಣ್ಣ. ಒಂದಮ್ಮ ಕೊಟ್ಳು, ನಿಂತ್ಕಂಡ್ ಕುಡಿಯಾಕೆ ಹೊತ್ತಿಲ್ಲ ಅಂದೆ, ಎತ್ಕಂಡೇ ಹೋಗು ಅಂದ್ಳು. ಮೇಷ್ಟ್ರಿಗೇನಾಯ್ತು?"

ಉತ್ತರಕ್ಕೆ ಕಾಯದೆ ಟವೆಲು ಬಿಚ್ಚಿ ಭಾವನ ಎದೆಯ ಮೇಲೆ ಹಿಂಡಿದ. ಆ ಉಣ್ಣೆಯ ಪಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ಭಾವನ ತಲೆಗೆ ಸುತ್ತಿದೆವು. ಟೋಪಿಯಲ್ಲಿ ಗಾಳಿ ಬೀಸಿದೆವು. ಸ್ವಲ್ಪ ಹೊತ್ತಿಗೆ ಭಾವ ಕಣ್ಣು ಬಿಟ್ಟರು. ಹಣೆಯ ಮೇಲೆ ವಿಭೂತಿಯ ಜಾಗದಲ್ಲಿ ಕರಿಬೇವಿನ ಎಲೆ ಅಂಟಿತ್ತು. ಗಡಿಗೆಯನ್ನು ತುಟಿಗೆ ಹಿಡಿದೆ.

"ಬೇಡ... ಬರೀ ಮುಕ್ಕಳಿಸ್ತೀನಿ" ಎಂದರು ಕ್ಷೀಣವಾಗಿ.

ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಗಂಟಲನ್ನೇ ನೋಡಿದೆ. ಹನ್ನೊಂದು ಸಲ ಆಡಿತು. ಬದುಕಿದರಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಖಾದರನನ್ನು ತಬ್ಬಿಕೊಂಡುಬಿಟ್ಟೆ. ಅವನ ಅಂಗಿಗೂ ಬೆಲ್ಲ ಮೆತ್ತಿ, ನನ್ನ ನೊಣಗಳಲ್ಲಿ ಅರ್ಧ ಅವನ ಪಾಲಿಗೆ ಹೋದವು.

ಹನುಮಂತ ತಲೆ ಕೆರೆಯುತ್ತಾ ನಿಂತಿದ್ದ. "ಈಗ ನಾನ್ ಏನ್ ಮಾಡ್ಲಣ್ಣ?"

"ಓಡು ಕಣ್ಲಾ! ಯಾರಾದ್ರೂ ಒಬ್ರು ಓಡ್ಬೇಕಲ್ಲ!" ಎಂದೆವು ಇಬ್ಬರೂ.

ಓಡಿದ. ಗೆದ್ದ. ಅಮಲ್ದಾರರು ಕಪ್ಪು ಕೊಡುತ್ತಾ, "ಇಷ್ಟು ಬಿಸಿಲಲ್ಲಿ ಹೇಗಯ್ಯ ಓಡಿದೆ?" ಎಂದು ಕೇಳಿದರಂತೆ. "ಎಲ್ರ ಮನೇಲೂ ಕುಡ್ಕಂಡ್ ಬಂದೆ ಬುದ್ಧಿ" ಎಂದನಂತೆ. ಹೆಂಡದ ಅಂಗಡಿಯ ಮಾತೇನೋ ಎಂದು ಶಾಮಿಯಾನವೆಲ್ಲ ಒಂದು ಗಳಿಗೆ ಬೆಚ್ಚಿತಂತೆ. ನಾನೂ ಖಾದರನೂ ಭಾವನನ್ನು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಊರು ಸೇರಿದಾಗ ಶಾಮಿಯಾನ ಬಿಚ್ಚುತ್ತಿದ್ದರು.

ಕಪ್ಪು ಶಿರಾಕ್ಕೆ ಹೋಗಲಿಲ್ಲವಲ್ಲ, ಕೊರಟಗೆರೆಗೆ ತಾನೇ ಹೋದದ್ದು ಎಂದು ಅಪ್ಪ ಹೆಡ್‌ಮಾಸ್ಟರ ಹತ್ತಿರ ವಾದಿಸಿ ನೋಡಿದರು. ವಾದ ನಿಲ್ಲಲಿಲ್ಲ. ತಿಂಗಳೊಳಗೆ ಹುಕುಂ ಬಂತು. ಅಕ್ಕ ಅತ್ತಳು. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಇದ್ದಿಲಿನ ಬಸ್ಸು ಅಕ್ಕನನ್ನೂ ಭಾವನನ್ನೂ ಹೊತ್ತು ಕೆಮ್ಮುತ್ತಾ ಹೊರಟಾಗ ನಾನು ಅದರ ಹಿಂದೆ ಊರಾಚೆಯವರೆಗೂ ಓಡಿದೆ. ಅಕ್ಕ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು. ಅವತ್ತಿನಷ್ಟು ಜೋರಾಗಿ ನಾನು ಯಾವತ್ತೂ ಓಡಿಲ್ಲ, ಅವತ್ತಿನಷ್ಟು ಸಂಕಟವೂ ಆಗಿಲ್ಲ. ನಾನು ಸೋತದ್ದಕ್ಕೇ ಅಕ್ಕ ಹೋದಳು ಎಂದು ಬಹಳ ದಿನ ಅನ್ನ ಸೇರಲಿಲ್ಲ.

ಅಕ್ಕನ ಕಾಗದಗಳು ಬರುತ್ತಿದ್ದವು. ಅಲ್ಲಿ ಭಾವ ಡ್ರಿಲ್ಲಿನ ಮೈದಾನದಲ್ಲಿ ಎರಡು ದೊಡ್ಡ ಮಣ್ಣಿನ ಹರವಿ ನೀರು ಇಡಿಸಿ, ಹುಡುಗರೆಲ್ಲ ಸಾಲಾಗಿ ಬಂದು ಒಂದೊಂದು ಲೋಟ ಕುಡಿದ ಮೇಲೇ ಪೀಪಿ ಊದುತ್ತಾರಂತೆ. ಕುಡಿಯದ ಹುಡುಗನಿಗೆ ಮೈದಾನಕ್ಕೆ ಒಂದು ಸುತ್ತು ಶಿಕ್ಷೆಯಂತೆ. ಸುತ್ತು ಮುಗಿಸಿ ಬಂದರೆ ಮತ್ತೆ ಒಂದು ಲೋಟವಂತೆ. ಮಗನಿಗೆ ಸ್ಕೂಲಿನಲ್ಲಿ ನೀರು ಕುಡಿಯುವುದನ್ನು ಹೇಳಿಕೊಡುತ್ತಾರೆಂದು ಒಬ್ಬ ರೈತ ಅಹವಾಲು ಬೇರೆ ಕೊಟ್ಟನಂತೆ. ಇದನ್ನೆಲ್ಲ ಓದಿ ಅವ್ವ, "ನನ್ನ ಸಮಾಧಾನಕ್ಕೆ ಬರೀತಾಳೆ ಪಾಪ, ಅಲ್ಲಿ ಅದೆಷ್ಟು ಕಷ್ಟವೋ" ಎಂದು ಸೆರಗಿನಿಂದ ಕಣ್ಣೊರೆಸುವಳು.

ಮೂರನೇ ವರ್ಷ ಭಾವನಿಗೆ ಮಧುಗಿರಿಗೇ ವಾಪಸು ವರ್ಗವಾಯಿತು. ಅವ್ವ ಗುಡಿಯಲ್ಲಿ ಹನ್ನೊಂದು ಕಾಯಿ ಒಡೆಸಿದಳು. ಸಾಮಾನು ಕಟ್ಟಿಸಿಕೊಂಡು ಕರೆತರಲು ನನ್ನನ್ನು ಪಾವಗಡಕ್ಕೆ ಓಡಿಸಿದಳು. ನನ್ನಿಂದ ಹೋದ ಅಕ್ಕನನ್ನು ನಾನೇ ಕರೆತರುತ್ತೇನಲ್ಲ ಎಂದು ದಾರಿಯುದ್ದಕ್ಕೂ ಎದೆ ಉಬ್ಬಿತ್ತು. ಹೋಗಿ ನೋಡಿದರೆ ಅಕ್ಕನ ಮನೆಯ ಮುಂದೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಒಬ್ಬಳು ಉಪ್ಪಿನಕಾಯಿ ಭರಣಿ ತಂದಿದ್ದಳು, ಒಬ್ಬಳು ಅಕ್ಕನ ಜಡೆಗೆ ಹೂ ಮುಡಿಸುತ್ತಾ ಬಿಕ್ಕುತ್ತಿದ್ದಳು, ತೆಲುಗು ಸೀಮೆಯ ಅಂಚಿನ ಊರಲ್ಲವೇ, ಎಲ್ಲರೂ ತೆಲುಗಿನಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು. ನಡುವೆ ಟ್ರಂಕಿನ ಮೇಲೆ ಅಕ್ಕ ಕೂತಿದ್ದಳು, ಮೈ ಕೈ ತುಂಬಿಕೊಂಡು, ಗಟ್ಟಿಯಾಗಿ ಅಳುತ್ತಾ.

"ಅಕ್ಕಾ, ನಾನು ಕಣೇ, ರಾಜ! ಊರಿಗೆ ಹೋಗೋಣ, ಬಾ!" ಎಂದೆ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿ, "ಎಂದುಕುರಾ ವಚ್ಚಿನಾವು?" ಎಂದು ಶುರುಮಾಡಿ ಒಂದೇ ಉಸಿರಿನಲ್ಲಿ ಏನೇನೋ ಅಂದಳು. ಎಲ್ಲ ತೆಲುಗು. ಒಂದು ಅಕ್ಷರವೂ ತಿಳಿಯದೆ ಬಾಯಿ ಬಿಟ್ಟುಕೊಂಡು ಭಾವನ ಮುಖ ನೋಡಿದೆ.

ಭಾವ ಹಾಸಿಗೆ ಸುರುಳಿಗೆ ಹಗ್ಗ ಬಿಗಿಯುತ್ತಾ, "ಅವತ್ತು ನೀನು ಸೋತಿದ್ದು ಬಹಳ ಒಳ್ಳೇದಾಯ್ತಂತೆ" ಎಂದರು. ಗಂಟು ಹಾಕಿ ಮುಗಿಸಿ, "ಇವತ್ತು ನೀನು ಬಂದಿದ್ದೇ ಒಳ್ಳೇದಾಗ್ಲಿಲ್ವಂತೆ" ಎಂದರು.